ರಣಜೀತನ ಹಿಂಗಾಲು

ಫೋರ್ಟಿನ ಒಂದು ಹಳೆಯ ಕಟ್ಟಡದಲ್ಲಿ ಲಿಫ್ಟ್ ನಡೆಸುತ್ತಿದ್ದ ಧರ್ಮಣ್ಣನಿಗೆ ಲೋಕದ ಸಮಾಚಾರವೆಲ್ಲ ಗೊತ್ತಿತ್ತು, ಆದರೆ ಮೂರನೆಯ ಮಹಡಿಯವರೆಗೆ ಮಾತ್ರ. ಆ ಕಟ್ಟಡದಲ್ಲಿ ಕೇಳಲು ಯೋಗ್ಯವಾದ ಮಾತನ್ನಾಡುವ ದೊಡ್ಡ ಮನುಷ್ಯರೆಲ್ಲ ಮೂರನೆಯ ಮಹಡಿಯಲ್ಲೇ ಇಳಿಯುತ್ತಿದ್ದರು. ನೆಲಮಹಡಿಯಲ್ಲಿ ಮಾತು ಶುರುಮಾಡಿ, ಒಂದನೆಯ ಮಹಡಿಯಲ್ಲಿ ದನಿ ತಗ್ಗಿಸಿ, ಎರಡನೆಯದರಲ್ಲಿ ಮುಖ್ಯ ಸಂಗತಿಗೆ ಕೈಹಾಕುವಷ್ಟರಲ್ಲಿ ಮೂರನೆಯದು ಬಂದುಬಿಡುತ್ತಿತ್ತು. ಕಬ್ಬಿಣದ ಜಾಲರಿ ಬಾಗಿಲು ಸರಿಸಿ ಅವರನ್ನು ಇಳಿಸಿದ ಮೇಲೆ, ಉಳಿದರ್ಧವನ್ನು ಧರ್ಮಣ್ಣ ಒಬ್ಬನೇ ಕೆಳಗೆ ಬರುವಾಗ ಸ್ವಂತ ಬುದ್ಧಿಯಿಂದ ಪೂರ್ತಿ ಮಾಡಿಕೊಳ್ಳುತ್ತಿದ್ದ. ಹೀಗೆ ಪೂರ್ತಿಯಾದ ಸಮಾಚಾರ ಸಂಜೆ ಅವನ ಜೊತೆಗೇ ಲೋಕಲ್ ಹತ್ತಿ ಕುರ್ಲಾಕ್ಕೆ ಬರುತ್ತಿತ್ತು.

ಒಮ್ಮೆ ಒಬ್ಬ ಸೇಟು ಇನ್ನೊಬ್ಬನಿಗೆ, ಮುಂದಿನ ವಾರದಿಂದ ಸಕ್ಕರೆ ಬಂದ್ ಎಂದು ಹೇಳಿ ಇಳಿದುಹೋದ. ಅಂದು ಸಂಜೆಯೇ ಧರ್ಮಣ್ಣನ ಚಾಳಿನವರು ಓಣಿಯ ಅಂಗಡಿಗಳಲ್ಲಿದ್ದ ಸಕ್ಕರೆಯನ್ನೆಲ್ಲ ಬಾಚಿ ತಂದರು. ಸೇಟುವಿಗೆ ಸಕ್ಕರೆ ಕಾಯಿಲೆಯೆಂದೂ, ಡಾಕ್ಟರು ಅವನೊಬ್ಬನಿಗೆ ಸಕ್ಕರೆ ಬಂದ್ ಮಾಡಿದ್ದಾರೆಂದೂ ತಿಳಿಯುವ ಹೊತ್ತಿಗೆ ಚಾಳಿನಲ್ಲಿ ಇರುವೆಗಳು ಸಂಸಾರ ಹೂಡಿದ್ದವು. ಆದರೂ ಧರ್ಮಣ್ಣನ ಮಾನಕ್ಕೆ ಕುಂದು ಬರಲಿಲ್ಲ. ಸಮಾಚಾರ ಸುಳ್ಳಾದರೂ ಅದು ದೊಡ್ಡವರ ಬಾಯಿಂದ ಬಂದದ್ದಲ್ಲವೇ.

ಆ ಚಾಳಿನಲ್ಲಿ ಇದ್ದವರು ಹೆಚ್ಚಾಗಿ ವಿಜಾಪುರ, ಗುಲಬರ್ಗಾ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದ ಜನ. ಅವರಿಗೆಲ್ಲ ಹಿರಿಯನೆಂದರೆ ಕೂಲಿಗಳ ಮೇಸ್ತ್ರಿ, ಮುಕಾದಮ ಗುರಲಿಂಗಪ್ಪ. ಚಾಳಿಗೂ ರಸ್ತೆಗೂ ನಡುವೆ ಒಂದು ತೆರೆದ ಗಟಾರ ಹರಿಯುತ್ತಿತ್ತು. ಅದರ ಮೇಲೆ ಒಂದು ಹಲಗೆ. ಹಿಂದಿನ ಮಳೆಗಾಲದಲ್ಲಿ ಆ ಹಲಗೆ ಜಾರಿ, ತರಕಾರಿ ಮಾರುವ ಮುದುಕಿ ಬಸಲಿಂಗವ್ವ ಬುಟ್ಟಿಸಮೇತ ಬಿದ್ದು ಮುಂಗೈ ಮುರಿದುಕೊಂಡಿದ್ದಳು. ಕಲ್ಲಿನ ಚಪ್ಪಡಿ ಹಾಕಿಸುತ್ತೇವೆಂದು ಎಲ್ಲ ಚುನಾವಣೆಯಲ್ಲೂ ಎಲ್ಲ ಅಭ್ಯರ್ಥಿಗಳೂ ಹೇಳುತ್ತಿದ್ದರು. ಎಲ್ಲರೂ ಅದನ್ನೇ ಹೇಳುವುದರಿಂದ, ಯಾರು ಮೊದಲು ಹೇಳಿದರೋ ಅವರಿಗೆ ಚಾಳಿನ ಓಟು ಎಂದು ಗುರಲಿಂಗಪ್ಪ ನಿಯಮ ಮಾಡಿದ್ದ. ಮತದಾನದ ಹಿಂದಿನ ಸಂಜೆ ಅವನು ಒಂದು ಚಿಹ್ನೆಯ ಹೆಸರು ಹೇಳುತ್ತಿದ್ದ, ಮರುದಿನ ಇಡೀ ಚಾಳು ಅದರ ಮೇಲೆ ಶಿಕ್ಕಾ ಹೊಡೆದು ಬರುತ್ತಿತ್ತು. ಅಭ್ಯರ್ಥಿ ಕಪ್ಪೋ ಕೆಂಪೋ ಯಾರೂ ಕೇಳುತ್ತಿರಲಿಲ್ಲ.

ಎಪ್ಪತ್ತಮೂರರ ಕಾರ್ಪೊರೇಷನ್ ಚುನಾವಣೆಗೆ ಆ ವಾರ್ಡಿನಲ್ಲಿ ಮೂವರು ನಿಂತಿದ್ದರು. ಛತ್ರಿಯ ಗುರುತಿನ ರಣಜೀತ ಮಾನೆ ಕಟ್ಟಿಗೆ ವಖಾರಿಯ ಮಾಲೀಕ. ತಕ್ಕಡಿಯ ಗುರುತಿನ ಕರ್ಣಿಕ್ ವಕೀಲ. ಗಂಟೆಯ ಗುರುತಿನ ಇಂದ್ರಾಬಾಯಿ ಹಿಟ್ಟಿನ ಗಿರಣಿ ನಡೆಸುವ ಹೆಂಗಸು. ಇಷ್ಟು ಬಿಟ್ಟರೆ ಚಾಳಿಗೆ ಅವರ ಬಗ್ಗೆ ಏನೂ ತಿಳಿಯದು, ತಿಳಿಯಬೇಕೆಂಬ ಆಸೆಯೂ ಇರಲಿಲ್ಲ.

ಆ ಆಸೆಯನ್ನು ಹುಟ್ಟಿಸಿದವನು ಧರ್ಮಣ್ಣ.

ಒಂದು ಬೆಳಿಗ್ಗೆ ಇಬ್ಬರು ಸೇಟುಗಳು ಲಿಫ್ಟಿನಲ್ಲಿ ಹಿಂದಿಯಲ್ಲಿ ಮಾತಾಡಿಕೊಂಡರು. ಈ ಸಲ ರಣಜೀತ್ ಖಂಡಿತ ಗೆಲ್ಲುತ್ತಾನೆ ಎಂದ ಒಬ್ಬ. ಶುರುವಿನಲ್ಲಿ ನಿಧಾನ, ಕೊನೆಯಲ್ಲಿ ಅವನನ್ನು ಹಿಡಿಯುವವರಿಲ್ಲ ಎಂದ ಇನ್ನೊಬ್ಬ. ತಂದೆ ವಿಲಾಯಿತಿಯವನು, ತಾಯಿ ಪುಣೆಯವಳು, ರಕ್ತ ಒಳ್ಳೆಯದು ಎಂದೂ ಹೇಳಿಕೊಂಡರು. ಎಡಗಡೆಯ ಹಿಂಗಾಲಿನಲ್ಲಿ ಬಾವು ಇದೆ, ಅದೊಂದೇ ಚಿಂತೆಯಂತೆ. ಆಮೇಲೆ ಮೊದಲನೆಯವನು ದನಿ ತಗ್ಗಿಸಿ, ಅವನ ಹಿಂದೆ ಮಾತ್ರ ಯಾರೂ ನಿಲ್ಲಬಾರದು, ಒದೆಯುತ್ತಾನೆ ಎಂದ. ಅಷ್ಟಕ್ಕೆ ಮೂರನೆಯ ಮಹಡಿ ಬಂತು.

ಸಂಜೆ ಧರ್ಮಣ್ಣ ನೇರವಾಗಿ ಮೂಲೆಯ ರಮಾನಾಥನ ಹೋಟೆಲಿಗೆ ಬಂದ. ಉಡುಪಿಯ ಕಡೆಯ ರಮಾನಾಥ ಹಣದ ಗಲ್ಲೆಯ ಮೇಲೆ ಕೂತು ಎಲ್ಲರ ಮಾತಿಗೂ ಕಿವಿಗೊಡುವವನು. ಗುರಲಿಂಗಪ್ಪ ಬಸಿಯಲ್ಲಿ ಚಹಾ ಊದಿಕೊಂಡು ಕುಡಿಯುತ್ತಿದ್ದ. ಧರ್ಮಣ್ಣ ಎರಡು ಸಲ ಕೆಮ್ಮಿ, ಛತ್ರಿಯವನ ವಿಷಯ ತನಗೆ ಪೂರ್ತಿ ಗೊತ್ತಾಗಿದೆ ಎಂದು ಶುರುಮಾಡಿದ.

ತಂದೆ ವಿಲಾಯಿತಿಯವನು ಎಂಬ ಮಾತಿಗೆ ಹೋಟೆಲಿನವರೆಲ್ಲ ಇತ್ತ ತಿರುಗಿದರು. ಮಾನೆಯಾದರೋ ಹಂಚಿನ ತಳದಂತೆ ಕಪ್ಪಗಿದ್ದ ಮನುಷ್ಯ. ಬಾಗಿಲಲ್ಲಿ ಬುಟ್ಟಿ ಇಳಿಸಿದ್ದ ಬಸಲಿಂಗವ್ವ, ಹಾಗಾದರೆ ಬಣ್ಣದಲ್ಲಿ ತಾಯಿಯ ಕಡೆ ಹೋಗಿದ್ದಾನೆ ಎಂದು ತೀರ್ಪು ಕೊಟ್ಟಳು. ಹಿಂದೆ ನಿಂತವರನ್ನು ಒದೆಯುತ್ತಾನೆ ಎಂಬುದೂ ಕಷ್ಟವಾಗಲಿಲ್ಲ, ಬೆನ್ನಿಗೆ ನಿಂತವರನ್ನು ಒದೆಯದ ನಾಯಕನನ್ನು ಯಾರೂ ಕಂಡಿರಲಿಲ್ಲ. ಕಷ್ಟಕ್ಕೆ ಬಂದದ್ದು ಹಿಂಗಾಲು.

"ಮನುಷ್ಯರಿಗೆ ಹಿಂಗಾಲು ಎಲ್ಲಿ ಉಂಟು ಮಾರಾಯ್ರೇ?" ಎಂದು ರಮಾನಾಥ ಕೇಳಿದ.

ಧರ್ಮಣ್ಣ ಗುರಲಿಂಗಪ್ಪನ ಮುಖ ನೋಡಿದ. ಗುರಲಿಂಗಪ್ಪ ಬಸಿ ಕೆಳಗಿಟ್ಟು, ಹಿರಿಯನ ಜವಾಬ್ದಾರಿಯಿಂದ ಸ್ವಲ್ಪ ಹೊತ್ತು ಯೋಚಿಸಿದ. "ನಡಿಯೂ ಮುಂದ ಯಾವ ಕಾಲ ಹಿಂದ ಉಳಿತೈತೋ ಅದ ಹಿಂಗಾಲು" ಎಂದ.

ಹಾಗಾದರೆ ಹೆಜ್ಜೆಗೊಮ್ಮೆ ಹಿಂಗಾಲು ಬದಲಾಗುತ್ತದಲ್ಲ ಎಂದು ಯಾರೋ ತಕರಾರು ತೆಗೆದರು. ಅದಕ್ಕೇ ಎಡಗಡೆಯದು ಎಂದು ಬಿಡಿಸಿ ಹೇಳಿದ್ದಾರೆ ಎಂದು ಗುರಲಿಂಗಪ್ಪ ಗದರಿಸಿದ. ಮಾನೆ ನಿಂತಿರುವಾಗ ನೋಡಿ ಪ್ರಯೋಜನವಿಲ್ಲ, ನಡೆಯುವಾಗಲೇ ನೋಡಬೇಕು ಎಂದು ತೀರ್ಮಾನವಾಯಿತು.

ಮೂರು ದಿನದ ನಂತರ ರಣಜೀತ ಮಾನೆ ಕೊರಳಿಗೆ ಹೂಮಾಲೆ ಹಾಕಿಕೊಂಡು, ತಾಸೆಯ ಸದ್ದಿನೊಂದಿಗೆ ಚಾಳಿಗೆ ಬಂದ. ಬೇರೆ ಚಾಳುಗಳಲ್ಲಿ ಜನ ಅವನ ಮುಖ ನೋಡಿ ಕೈಮುಗಿದಿದ್ದರು. ಇಲ್ಲಿ ಇಡೀ ಚಾಳು ಬಾಗಿಲುಗಳಲ್ಲಿ ನಿಂತು ಅವನ ಪಾದ ನೋಡುತ್ತಿತ್ತು. ಮಾನೆ ಮೊದಲು ಚಪ್ಪಲಿ ನೋಡಿಕೊಂಡ. ಆಮೇಲೆ ಧೋತರದ ಅಂಚು ನೋಡಿಕೊಂಡ. ತಾನೂ ಕಾಲು ನೋಡಿಕೊಂಡೇ ನಡೆಯುತ್ತ, ಎದುರಿಗೆ ಗಟಾರವಿದೆಯೆಂಬುದನ್ನು ಮರೆತ. ಹಲಗೆ ಜಾರಿತು. ಕಾರ್ಯಕರ್ತರು ಎಳೆದು ಮೇಲೆತ್ತಿದಾಗ ಅವನು ಎಡಗಾಲು ಕುಂಟುತ್ತಿದ್ದ.

ಚಾಳಿನಲ್ಲಿ ಒಂದು ಉದ್ಗಾರ ಎದ್ದಿತು. ಅದು ಅಯ್ಯೋ ಎಂಬ ಮರುಕವಲ್ಲ, ಹೌದಲ್ಲ ಎಂಬ ಬೆರಗು. ಅಂದಿನಿಂದ ರಮಾನಾಥ ಧರ್ಮಣ್ಣನಿಗೆ ಕೇಳದೆಯೇ ಸ್ಪೆಶಲ್ ಚಹಾ ಕಳಿಸತೊಡಗಿದ. ಪಕ್ಕದ ಚಾಳುಗಳಿಂದಲೂ ಜನ ಬಂದು, ತಕ್ಕಡಿಯವನ ಕಾಲು ಹೇಗಿದೆ, ಗಂಟೆಯವಳ ತಂದೆ ಎಲ್ಲಿಯವನು ಎಂದು ಕೇಳಿದರು. ಲಿಫ್ಟಿನಲ್ಲಿ ಆ ವಿಷಯ ಇನ್ನೂ ಬಂದಿಲ್ಲ, ಬಂದಕೂಡಲೇ ತಿಳಿಸುವೆ ಎಂದು ಧರ್ಮಣ್ಣ ಗಂಭೀರವಾಗಿ ಹೇಳುತ್ತಿದ್ದ. ಹೆಂಡತಿ ಸುಂದ್ರವ್ವ ಒಬ್ಬಳೇ ಇದನ್ನು ಮೆಚ್ಚಲಿಲ್ಲ. ಸಕ್ಕರೆಯ ಇರುವೆಗಳನ್ನು ಹೊಡೆದೋಡಿಸಿದ್ದವಳು ಅವಳು.

ಮಾತು ಗಟಾರದ ಹಾಗೆ, ಒಂದೇ ಚಾಳಿನಲ್ಲಿ ನಿಲ್ಲುವುದಿಲ್ಲ. ಅದು ಕರ್ಣಿಕ್ ವಕೀಲರ ಜೀಪಿಗೂ ಹೋಗಿ ಮುಟ್ಟಿತು. ಅವರು ಸ್ಟೇಷನ್ನಿನ ಎದುರು ಧ್ವನಿವರ್ಧಕದ ಭೋಂಗಾ ಹಿಡಿದು, ಯಾರ ತಂದೆ ಸಮುದ್ರದಾಚೆಯವನೋ ಅವನಿಗೆ ಕುರ್ಲಾದ ಮಣ್ಣಿನ ಬೆಲೆ ಏನು ಗೊತ್ತು ಎಂದು ಗುಡುಗಿದರು. ಜನ ಚಪ್ಪಾಳೆ ತಟ್ಟಿದರು.

ಮರುದಿನ ಭಾನುವಾರ ಮಧ್ಯಾಹ್ನ ಧರ್ಮಣ್ಣ ಊಟ ಮಾಡಿ ಕೈ ತೊಳೆಯುತ್ತಿದ್ದಾಗ, ಬಾಗಿಲಲ್ಲಿ ಒಂಬತ್ತು ಗಜದ ಸೀರೆ ಉಟ್ಟ ಒಬ್ಬ ಮುದುಕಿ ಬಂದು ನಿಂತಳು. ಕಪ್ಪು, ಎತ್ತರ, ನೆಟ್ಟಗಿನ ಬೆನ್ನು. ರಣಜೀತ ಮಾನೆಯ ತಾಯಿ ಕಸ್ತೂರಿಬಾಯಿ. ಅವಳು ಕೂಗಾಡಲಿಲ್ಲ. ಹೊಸ್ತಿಲ ಮೇಲೆ ಕೂತು, ಸೆರಗಿನಿಂದ ಒಂದು ಫೋಟೋ ತೆಗೆದು ಧರ್ಮಣ್ಣನ ಕೈಗೆ ಕೊಟ್ಟಳು. ಅದರಲ್ಲಿ ರುಮಾಲು ಸುತ್ತಿದ, ದಪ್ಪ ಮೀಸೆಯ ಒಬ್ಬ ಮನುಷ್ಯ ಕುರ್ಚಿಯ ತುದಿಯಲ್ಲಿ ಹೆದರಿಕೊಂಡು ಕೂತಿದ್ದ.

"ಹಾ ಸಾಹೇಬ ದಿಸ್ತೋ ಕಾ?" ಎಂದಳು. ಇವನು ಸಾಹೇಬನ ಹಾಗೆ ಕಾಣುತ್ತಾನೆಯೇ ಎಂದು ಅವಳು ಮರಾಠಿಯಲ್ಲಿ ಕೇಳಿದ್ದಳು.

ಧರ್ಮಣ್ಣನಿಗೆ ಆ ಮನುಷ್ಯನಲ್ಲಿ ಸಾಹೇಬನ ಅಂಶ ಎಲ್ಲಿಯೂ ಕಾಣಲಿಲ್ಲ. ಕಸ್ತೂರಿಬಾಯಿ ನಿಧಾನವಾಗಿ ಹೇಳಿದಳು. ಅವಳ ಗಂಡ ಪರೇಲಿನ ಗಿರಣಿಯಲ್ಲಿ ಮಗ್ಗದ ಮುಂದೆ ನಿಂತು ನಿಂತೇ ಮುದುಕನಾದವನು, ಹತ್ತಿಯ ಧೂಳು ಕುಡಿದು ಕೆಮ್ಮಿ ಸತ್ತವನು. ಬದುಕಿದ್ದಾಗ ಅವನ ಹೆಸರನ್ನು ಯಾರೂ ಕೇಳಲಿಲ್ಲ. ಈಗ ಸತ್ತ ಮೇಲೆ ಭೋಂಗಾದಲ್ಲಿ ಕೂಗುತ್ತಿದ್ದಾರೆ, ಅದೂ ಮಗನಿಗೆ ತಂದೆ ಅವನಲ್ಲ ಎಂದು. ಇಷ್ಟು ಹೇಳಿ ಅವಳು ನೀರು ಕೇಳಿದಳು. ಸುಂದ್ರವ್ವ ತಂಬಿಗೆ ಕೊಟ್ಟಳು. ಕುಡಿದು, ಫೋಟೋ ಸೆರಗಿನಲ್ಲಿ ಕಟ್ಟಿಕೊಂಡು, ಹಲಗೆಯ ಮೇಲೆ ಹುಷಾರಾಗಿ ಹೆಜ್ಜೆಯಿಟ್ಟು ಹೊರಟುಹೋದಳು.

ಸುಂದ್ರವ್ವ ತಂಬಿಗೆ ಹಿಡಿದುಕೊಂಡೇ ನಿಂತಿದ್ದಳು. "ಸತ್ತ ಮನಷ್ಯಾನ ಮ್ಯಾಲ ಮಾತ ಹಾಕೀರಿ" ಎಂದಳು. "ಹಾಕಿದವರು ನೀವು. ತಗಿಯೂದೂ ನೀವ ತಗೀಬೇಕು."

ಲಿಫ್ಟ್‌ಮನ್ ಲಿಫ್ಟಿನಲ್ಲಿ ಬಾಯಿ ತೆರೆಯಬಾರದು ಎಂಬುದು ಆ ಕಟ್ಟಡದ ಅಲಿಖಿತ ಕಾನೂನು. ಮರುದಿನ ಧರ್ಮಣ್ಣ ಅದನ್ನು ಮುರಿದ. ಅದೇ ಇಬ್ಬರು ಸೇಟುಗಳು ಹತ್ತಿದಾಗ ಅವನು ಒಂದನೆಯ ಮಹಡಿ ದಾಟುತ್ತಲೇ ಕೈಮುಗಿದು, ಸಾಹೇಬರೇ, ರಣಜೀತನ ತಂದೆ ನಿಜವಾಗಿ ಯಾರು ಎಂದು ಕೇಳಿದ. ಸೇಟುಗಳು ಮುಖ ಮುಖ ನೋಡಿಕೊಂಡರು. ನೀನೂ ರೇಸಿಗೆ ಹೋಗುತ್ತೀಯಾ ಎಂದು ಒಬ್ಬ ಕೇಳಿದ. ಧರ್ಮಣ್ಣ, ಇಲ್ಲ, ಓಟು ಹಾಕುವುದಿದೆ ಎಂದ. ಸ್ವಲ್ಪ ಹೊತ್ತು ಯಾರಿಗೂ ಏನೂ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಸೇಟುಗಳು ಎಷ್ಟು ನಕ್ಕರೆಂದರೆ, ಮೂರನೆಯ ಮಹಡಿ ಬಂದದ್ದು ಅವರಿಗೂ ತಿಳಿಯಲಿಲ್ಲ, ನಿಲ್ಲಿಸುವುದು ಧರ್ಮಣ್ಣನಿಗೂ ನೆನಪಾಗಲಿಲ್ಲ. ಹೀಗೆ ಅವನು ಜೀವನದಲ್ಲಿ ಮೊದಲ ಬಾರಿಗೆ ಐದನೆಯ ಮಹಡಿಯವರೆಗೆ ಒಂದು ಸಮಾಚಾರವನ್ನು ಪೂರ್ತಿಯಾಗಿ ಕೇಳಿದ. ರಣಜೀತ್ ಎಂಬುದು ಮಹಾಲಕ್ಷ್ಮಿಯ ರೇಸ್ ಮೈದಾನದಲ್ಲಿ ಓಡುವ ಒಂದು ಕುದುರೆ.

ಸಂಜೆ ಹೋಟೆಲಿನಲ್ಲಿ ಧರ್ಮಣ್ಣ ತಲೆ ತಗ್ಗಿಸಿ ಸತ್ಯ ಹೇಳಿದ. ಸುಳ್ಳು ಹೇಳಿದಾಗ ಒಂದೇ ಸಲಕ್ಕೆ ನಂಬಿದ್ದ ಜನ ಸತ್ಯವನ್ನು ನಾಲ್ಕು ಸಲ ಹೇಳಿಸಿ ನಂಬಲಿಲ್ಲ. ಕುದುರೆಗೆ ಯಾರಾದರೂ ರಣಜೀತ್ ಎಂದು ಹೆಸರಿಡುತ್ತಾರೆಯೇ ಎಂದು ರಮಾನಾಥ ಕೇಳಿದ. ಮಾನೆಯ ತಾಯಿ ಬಂದು ಹೋದದ್ದನ್ನು ಇಡೀ ಚಾಳು ನೋಡಿತ್ತು. ಗುರಲಿಂಗಪ್ಪ ಧರ್ಮಣ್ಣನ ಬೆನ್ನ ಮೇಲೆ ಕೈಯಿಟ್ಟು, "ಹೆದರಸ್ಯಾರ ಪಾಪ, ಬಿಡ್ರಿ" ಎಂದ.

ಧರ್ಮಣ್ಣ ಮನೆಮನೆಗೆ ಹೋಗಿ, ಅದು ಕುದುರೆ, ಅದು ಕುದುರೆ ಎಂದು ಹೇಳಿ ಬಂದ. ಕೇಳಿದವರು ಕಣ್ಣು ಮಿಟುಕಿಸಿ, ಆಯಿತು ಕುದುರೆಯೇ ಎಂದರು. ಎರಡು ದಿನದಲ್ಲಿ ಸಂಗತಿ ಮತ್ತಷ್ಟು ಬೆಳೆಯಿತು. ಇಷ್ಟು ಬೇಗ ಒಬ್ಬನ ಬಾಯಿ ಮುಚ್ಚಿಸಬಲ್ಲವನು ಕಾರ್ಪೊರೇಷನ್ನಿನಲ್ಲಿ ಏನೆಲ್ಲ ಮಾಡಿಯಾನು ಎಂದು ಕೆಲವರು ಮಾನೆಯ ಕಡೆಗೆ ವಾಲಿದರು. ಅದೇ ಕಾರಣಕ್ಕೆ ಇನ್ನು ಕೆಲವರು ಅವನಿಂದ ದೂರ ಸರಿದರು. ಸುಂದ್ರವ್ವ ಗಂಡನ ಪಾಡು ನೋಡಿ, ಬಾಯಿಂದ ಹೋದದ್ದು ಬಾಯಿಂದ ಬರುವುದಿಲ್ಲ, ಅವರ ಕಣ್ಣಿಗೇ ತೋರಿಸಿ ಎಂದಳು.

ಮುಂದಿನ ಭಾನುವಾರ ಬೆಳಿಗ್ಗೆ ಕುರ್ಲಾ ಸ್ಟೇಷನ್ನಿನಿಂದ ಒಂದು ನಿಯೋಗ ಹೊರಟಿತು. ಧರ್ಮಣ್ಣ, ಸುಂದ್ರವ್ವ, ಗುರಲಿಂಗಪ್ಪ, ಬಸಲಿಂಗವ್ವ, ಮತ್ತು ಗಲ್ಲೆಯನ್ನು ತಮ್ಮನಿಗೆ ಒಪ್ಪಿಸಿದ ರಮಾನಾಥ. ದಾದರಿನಲ್ಲಿ ಲೈನು ಬದಲಿಸಿ ಮಹಾಲಕ್ಷ್ಮಿಯಲ್ಲಿ ಇಳಿದರು. ಕುದುರೆಗಳನ್ನು ಬೆಳಗಿನ ವ್ಯಾಯಾಮ ಮುಗಿಸಿ ಲಾಯಕ್ಕೆ ಕರೆದೊಯ್ಯುತ್ತಿದ್ದ ಸಮಯ. ಲಗಾಮು ಹಿಡಿದು ಬರುತ್ತಿದ್ದ ಒಬ್ಬ ಆಳನ್ನು ಧರ್ಮಣ್ಣ, ರಣಜೀತ್ ಎಲ್ಲಿ ಎಂದು ಹಿಂದಿಯಲ್ಲಿ ಕೇಳಿದ. ಆ ಆಳಿನ ಮುಖ ಅರಳಿತು. ತನ್ನ ಕುದುರೆಯನ್ನು ನೋಡಲು ಸಂಸಾರಸಮೇತ ಬಂದವರನ್ನು ಅವನು ಅಲ್ಲಿಯವರೆಗೆ ಕಂಡಿರಲಿಲ್ಲ. ಇದೇ ರಣಜೀತ್ ಎಂದು ಹೆಮ್ಮೆಯಿಂದ ನಿಲ್ಲಿಸಿದ.

ಕುದುರೆ ಕೆಂಪಗೆ ಹೊಳೆಯುತ್ತಿತ್ತು. ಎಡಗಡೆಯ ಹಿಂಗಾಲಿಗೆ ಬಿಳಿ ಪಟ್ಟಿ ಸುತ್ತಿತ್ತು. ಗುರಲಿಂಗಪ್ಪ ಕೊನೆಯವರೆಗೂ ಒಪ್ಪಲಿಲ್ಲ. ಪಟ್ಟಿಯ ಒಳಗೆ ನಿಜವಾಗಿ ಬಾವು ಇದೆಯೇ ಎಂದು ನೋಡಲು ಅವನು ಛತ್ರಿ ಊರಿಕೊಂಡು ಹಿಂದಿನಿಂದ ಬಗ್ಗಿದ. ರಣಜೀತ್ ಬೇರೇನನ್ನೂ ಮಾಡದೆ, ಸೇಟು ಹೇಳಿದ್ದನ್ನು ಮಾತ್ರ ಮಾಡಿದ. ಛತ್ರಿ ಬೇಲಿಯಾಚೆ ಹೋಗಿ ಬಿತ್ತು. ಗುರಲಿಂಗಪ್ಪ ಲದ್ದಿಯಲ್ಲಿ ಕೂತ. ಪುಣ್ಯಕ್ಕೆ ಗಾಯವಾಗಲಿಲ್ಲ. ಕೂತಲ್ಲಿಂದಲೇ ಅವನು, ಇದು ಕುದುರೆಯೇ ಹೌದು ಎಂದು ಒಪ್ಪಿಕೊಂಡ.

ಹಿಂದಿರುಗುವ ಲೋಕಲಿನಲ್ಲಿ ಗುರಲಿಂಗಪ್ಪನ ವಾಸನೆಗೆ ಸುತ್ತ ಜಾಗ ಧಾರಾಳವಾಗಿ ಸಿಕ್ಕಿತ್ತು. ಬಸಲಿಂಗವ್ವ ಕಿಟಕಿಯ ಪಕ್ಕ ಕೂತು ತನ್ನ ಸೊಟ್ಟ ಮುಂಗೈಯನ್ನು ನೀವಿಕೊಳ್ಳುತ್ತಿದ್ದವಳು ಇದ್ದಕ್ಕಿದ್ದಂತೆ ಕೇಳಿದಳು:

"ಕುದುರಿದು ತಾಯಿ ತಂದಿ ಗೊತ್ತಾತು, ಕಾಲ ಗೊತ್ತಾತು, ಸಿಟ್ಟ ಗೊತ್ತಾತು. ಓಟ ಹಾಕಸ್ಕೊಳ್ಳೂ ಮನಷ್ಯಾಂದು ಏನ ಗೊತ್ತೈತಿ?"

ಒಂದು ಎತ್ತು ಕೊಳ್ಳುವುದಾದರೆ ಹಲ್ಲು ನೋಡುತ್ತೇವೆ, ಸುಳಿ ನೋಡುತ್ತೇವೆ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತೇವೆ ಎಂದು ಅವಳೇ ಮುಂದುವರಿಸಿದಳು. ಸೊಸೆ ತರುವುದಾದರೆ ಮನೆಗೆ ಹೋಗಿ ಕೂತು ನೋಡುತ್ತೇವೆ. ದಾದರ್ ಬರುವ ಹೊತ್ತಿಗೆ, ಮೂವರನ್ನೂ ಅವರವರ ಜಾಗಕ್ಕೇ ಹೋಗಿ ನೋಡುವುದೆಂದು ನಿಶ್ಚಯವಾಗಿತ್ತು.

ಅಂದೇ, ಗುರಲಿಂಗಪ್ಪ ಮಿಂದು ಬಂದ ಮೇಲೆ, ಮೊದಲು ಮಾನೆಯ ವಖಾರಿ. ಕಸ್ತೂರಿಬಾಯಿ ಅಂಗಳದಲ್ಲೇ ಅಕ್ಕಿ ಆರಿಸುತ್ತಿದ್ದಳು. ಧರ್ಮಣ್ಣ ಅವಳ ಎದುರು ಕೈಮುಗಿದು, ಸೇಟುಗಳಿಂದ ಹಿಡಿದು ಲದ್ದಿಯವರೆಗೆ ಎಲ್ಲವನ್ನೂ ಹೇಳಿದ. ತಪ್ಪಾಯಿತು ತಾಯಿ ಎಂದ. ಮೊದಲು ಅವಳ ಕೈಯ ಮೊರ ಅಲುಗಿತು, ಆಮೇಲೆ ಹೆಗಲು ಅಲುಗಿತು. ಮುದುಕಿ ನಗುತ್ತಿದ್ದಳು. ಮಗ ಕುದುರೆಯಾದರೆ ಆಗಲಿ, ಗಂಡ ಸಾಹೇಬನಾಗಬಾರದು ಎಂದಳು. ಸುಂದ್ರವ್ವ ಅವಳ ಪಕ್ಕ ಕೂತು ಅಕ್ಕಿ ಆರಿಸಲು ಕೈಹಾಕಿದಳು.

ರಣಜೀತ ಮಾನೆ ಹೊರಗೆ ಬಂದು, ಇವರನ್ನು ಒಳಗೆ ಕೂರಿಸಿ, "ಕಾಯ್ ಪಾಹಿಜೆ?" ಎಂದು ಕೇಳಿದ. ಏನು ಬೇಕು ಎಂಬುದು ಅವನು ದಿನಕ್ಕೆ ನೂರು ಜನಕ್ಕೆ ಕೇಳುವ ಪ್ರಶ್ನೆ. ಅದಕ್ಕೆ ಉತ್ತರಗಳೂ ಅವನಿಗೆ ಗೊತ್ತಿದ್ದವು.

"ಏನೂ ಬ್ಯಾಡ" ಎಂದಳು ಬಸಲಿಂಗವ್ವ. "ನೋಡಾಕ ಬಂದೇವಿ."

ಧರ್ಮಣ್ಣ ಅದನ್ನು ಮರಾಠಿಗೆ ತಿರುಗಿಸಿದ. ಮಾನೆಗೆ ತಿಳಿಯಲಿಲ್ಲ. ಚಪ್ಪಡಿ ಹಾಕಿಸುತ್ತೇನೆ ಎಂದ. ಅದಕ್ಕಲ್ಲ ಬಂದದ್ದು ಎಂದರು. ನಲ್ಲಿ ಹಾಕಿಸುತ್ತೇನೆ ಎಂದ. ಅದೂ ಬೇಡವೆಂದರು. ನಾಲ್ಕು ಜನ ಸಾಲಾಗಿ ಕೂತು ಅವನನ್ನೇ ನೋಡುತ್ತಿದ್ದರು. ಮಾನೆ ತಲೆ ಬಾಚಿಕೊಂಡ. ಕುರ್ಚಿ ಬದಲಿಸಿದ. ಬೇಡಿಕೆಗಳನ್ನು ಎದುರಿಸಿ ಗೊತ್ತಿದ್ದ ಅವನಿಗೆ ಬರೀ ನೋಟವನ್ನು ಎದುರಿಸುವ ಅಭ್ಯಾಸವಿರಲಿಲ್ಲ. ಎದ್ದು ಓಡಾಡಿದ. ಬಸಲಿಂಗವ್ವನಿಗೆ ಅದೇ ಬೇಕಾಗಿತ್ತು, ಕಾಲು ನೆಟ್ಟಗಿದೆ ಎಂದು ಪಕ್ಕದವರಿಗೆ ಹೇಳಿದಳು. ವಖಾರಿಯ ಹಮಾಲರು ಮಾಲೀಕನಿಗೆ ಹೆದರುತ್ತಿರಲಿಲ್ಲ. ಅವನು ಎರಡು ಮಾತಿಗೊಮ್ಮೆ ಬಾಗಿಲ ಕಡೆ ತಿರುಗಿ ತಾಯಿಯನ್ನು ಕೇಳುತ್ತಿದ್ದ. ಇದು ಗುಣವೋ ದೋಷವೋ ಎಂಬುದರ ಬಗ್ಗೆ ನಿಯೋಗದಲ್ಲಿ ಆಗಲೇ ಎರಡು ಪಕ್ಷಗಳಾದವು.

ಕರ್ಣಿಕ್ ವಕೀಲರನ್ನು ನೋಡಲು ಮತ್ತೆ ರೈಲು ಹತ್ತಬೇಕಾಯಿತು. ಕುರ್ಲಾದ ಮಣ್ಣಿನ ಬೆಲೆ ಬಲ್ಲ ಆ ವಕೀಲರು ವಾಸವಾಗಿದ್ದದ್ದು ವಿಲೆ ಪಾರ್ಲೆಯಲ್ಲಿ. ಸುತ್ತ ತೋಟವಿದ್ದ ಮನೆ. ವಕೀಲರು ವರಾಂಡದಲ್ಲಿ ಕೂರಿಸಿ, ಬಹಳ ಸಭ್ಯವಾಗಿ, ನಾಗರಿಕರ ಹಕ್ಕುಗಳ ಬಗ್ಗೆ ಅರ್ಧ ತಾಸು ಹೇಳಿದರು. ಮಧ್ಯೆ ಬಸಲಿಂಗವ್ವ ನಿದ್ದೆ ಹೋಗಿ ಎದ್ದಳು. ಧರ್ಮಣ್ಣ, ಸಾಹೇಬರು ಮಾನೆಯ ತಂದೆಯ ವಿಷಯ ಭೋಂಗಾದಲ್ಲಿ ಹೇಳಿದ್ದು ತಪ್ಪು, ಅದು ಕುದುರೆಯ ತಂದೆ ಎಂದು ತಿಳಿಸಿದ. ವಕೀಲರು ಕನ್ನಡಕ ಒರೆಸಿಕೊಂಡು, ತಾವು ಯಾರ ಹೆಸರನ್ನೂ ಹೇಳಲಿಲ್ಲವಲ್ಲ, ಕಾನೂನಿನ ಪ್ರಕಾರ ಅದು ಯಾರಿಗೂ ತಾಕುವುದಿಲ್ಲ ಎಂದರು. ಅವರ ಜಾಣತನಕ್ಕೆ ರಮಾನಾಥ ಮರುಳಾದ. ಅದೇ ಜಾಣತನಕ್ಕೆ ಧರ್ಮಣ್ಣನ ಮುಖ ಸಪ್ಪಗಾಯಿತು. ಹೊರಡುವಾಗ ವಕೀಲರು, ನಿಮ್ಮ ಚಾಳು ಸ್ಟೇಷನ್ನಿನ ಯಾವ ಕಡೆಗೆ ಬರುತ್ತದೆ ಎಂದು ಕೇಳಿದರು. ಇಷ್ಟರಲ್ಲಿ ವಕೀಲರ ಹೆಂಡತಿ ಸುಂದ್ರವ್ವನನ್ನು ಒಳಗೆ ಕರೆದೊಯ್ದು, ಅಡುಗೆಮನೆಯ ಗ್ಯಾಸಿನ ಒಲೆ ಹೊತ್ತಿಸಿ ತೋರಿಸಿದ್ದಳು. ಸುಂದ್ರವ್ವ ಬಹಳ ಹೊತ್ತು ಹೊರಗೆ ಬರಲಿಲ್ಲ.

ಇಂದ್ರಾಬಾಯಿಯ ಗಿರಣಿಗೆ ಬಂದಾಗ ಸಂಜೆಯ ಗದ್ದಲ. ಹುಬ್ಬಿನವರೆಗೂ ಹಿಟ್ಟು ಮೆತ್ತಿಕೊಂಡಿದ್ದ ಇಂದ್ರಾಬಾಯಿ ಇವರ ಕೈಯಲ್ಲಿ ಡಬ್ಬಿ ಇಲ್ಲದ್ದನ್ನು ಕಂಡು, ಬೀಸಿಸುವುದಿಲ್ಲವಾದರೆ ದಾರಿ ಬಿಡಿ ಎಂದು ಗದರಿದಳು. ನೋಡಲು ಬಂದಿದ್ದೇವೆ ಎಂದಾಗ, ನೋಡಿ ಎಂದು ಹೇಳಿ ತನ್ನ ಕೆಲಸ ಮುಂದುವರಿಸಿದಳು. ಗುರಲಿಂಗಪ್ಪನಿಗೆ ಇದು ಅವಮಾನವೆನಿಸಿತು. ಅವನೇ ಬಾಯಿಬಿಟ್ಟು, ಗಟಾರಕ್ಕೆ ಚಪ್ಪಡಿ ಹಾಕಿಸುತ್ತೀರಾ ಎಂದು ಕೇಳಿದ.

ಇಂದ್ರಾಬಾಯಿ ಯಂತ್ರದ ಪಟ್ಟಿ ನಿಲ್ಲಿಸಿದಳು. ಗಿರಣಿಯ ಸದ್ದು ಅಡಗಿತು. ಗಟಾರದ ಈಚೆ ದಂಡೆ ಈ ವಾರ್ಡು, ಆಚೆ ದಂಡೆ ಪಕ್ಕದ ವಾರ್ಡು, ಗಡಿ ನಟ್ಟನಡುವೆ ಹರಿಯುವ ನೀರಿನಲ್ಲಿದೆ ಎಂದು ಅವಳು ಹೇಳಿದಳು. ಅದಕ್ಕೇ ಈವರೆಗೆ ಗೆದ್ದವರೆಲ್ಲ ಅದು ತಮ್ಮದಲ್ಲವೆಂದು ಕೈತೊಳೆದುಕೊಂಡಿದ್ದಾರೆ. ತಾನು ಗೆದ್ದರೂ ಅರ್ಧ ಚಪ್ಪಡಿ ಮಾತ್ರ ಹಾಕಿಸಬಹುದು. ಉಳಿದರ್ಧಕ್ಕೆ ಪಕ್ಕದ ವಾರ್ಡಿನವನ ಕಾಲು ಹಿಡಿಯಬೇಕು, ತನಗೆ ಕಾಲು ಹಿಡಿದು ಅಭ್ಯಾಸವಿಲ್ಲ. ಇಷ್ಟು ಹೇಳಿ ಮತ್ತೆ ಗಿರಣಿ ಶುರುಮಾಡಿದಳು.

ದಾರಿಯುದ್ದಕ್ಕೂ ಗುರಲಿಂಗಪ್ಪ ಗೊಣಗುತ್ತಿದ್ದ. ಓಟು ಕೇಳುವವರು ಒಂದು ಸುಳ್ಳು ಹೇಳುವಷ್ಟಾದರೂ ಮರ್ಯಾದೆ ಕೊಡಬೇಡವೇ. ಬಸಲಿಂಗವ್ವ ಮಾತ್ರ ಗಟಾರದ ದಂಡೆಯಲ್ಲಿ ನಿಂತು, ನೀರಿನಲ್ಲಿ ಗಡಿ ಎಲ್ಲಿದೆಯೆಂದು ಹುಡುಕುತ್ತಿದ್ದಳು. ತನ್ನ ಕೈ ಮುರಿದದ್ದು ಯಾವ ವಾರ್ಡಿನಲ್ಲಿ ಎಂಬುದು ಅವಳಿಗೆ ಆವರೆಗೆ ಹೊಳೆಯದಿದ್ದ ಪ್ರಶ್ನೆ.

ಮತದಾನದ ಹಿಂದಿನ ಸಂಜೆ ರಮಾನಾಥನ ಹೋಟೆಲು ತುಂಬಿತ್ತು. ಗುರಲಿಂಗಪ್ಪ ಎಂದಿನಂತೆ ಎದ್ದು ನಿಂತು, ಈ ಸಲ ತಕ್ಕಡಿ ಎಂದ.

"ಯಾಕ ಕಾಕಾ?" ಎಂದು ಧರ್ಮಣ್ಣ ಕೇಳಿದ.

ಅವನು ತಕರಾರಿಗೆ ಕೇಳಲಿ, ಕುತೂಹಲಕ್ಕೆ ಕೇಳಲಿ, ಆ ಪ್ರಶ್ನೆ ಆ ಹೋಟೆಲಿನಲ್ಲಿ ಅದುವರೆಗೆ ಯಾರ ಬಾಯಿಂದಲೂ ಬಂದಿರಲಿಲ್ಲ. ಗುರಲಿಂಗಪ್ಪ ಉತ್ತರ ಹುಡುಕುವಷ್ಟರಲ್ಲಿ ಮೂಲೆಯಿಂದ ಒಬ್ಬ, ತಾಯಿಯನ್ನು ಕೇಳಿ ನಡೆಯುವವನು ಕೆಟ್ಟ ಕೆಲಸವನ್ನಾದರೂ ಮಾಡಲಾರ ಎಂದ. ಇನ್ನೊಬ್ಬ, ಹಾಗಾದರೆ ತಾಯಿಗೇ ಓಟು ಹಾಕಬೇಕಾಗಿತ್ತು ಎಂದ. ಕಾನೂನು ಬಲ್ಲವರು ಬೇಕು ಎಂದು ರಮಾನಾಥ ವಾದಿಸಿದ. ಬಸಲಿಂಗವ್ವ, ಅರ್ಧ ಎಂದು ಹೇಳಿದವಳು ಅರ್ಧವನ್ನಾದರೂ ಹಾಕಿಸುತ್ತಾಳೆ ಎಂದಳು. ವಾದ ಬೆಳೆಯಿತು. ಎಷ್ಟೋ ಹೊತ್ತಿನ ಮೇಲೆ ಗುರಲಿಂಗಪ್ಪ, ತಾನಿನ್ನೂ ನಿಂತೇ ಇರುವುದನ್ನು ಗಮನಿಸಿ ಕೂತುಕೊಂಡ. ಆಮೇಲೆ ಅವನೂ ವಾದಕ್ಕಿಳಿದ. ಹಿರಿಯನಾಗಿ ತೀರ್ಪು ಕೊಡುವುದಕ್ಕಿಂತ ಅದರಲ್ಲಿ ಹೆಚ್ಚು ರುಚಿಯಿದೆ ಎಂದು ಅವನ ಮುಖ ಹೇಳುತ್ತಿತ್ತು.

ಮರುದಿನ ಚಾಳು ಶಾಲೆಯ ಕೋಣೆಗೆ ಹೋಗಿ ಶಿಕ್ಕಾ ಹೊಡೆಯಿತು. ಯಾರು ಯಾವುದಕ್ಕೆ ಹೊಡೆದರೆಂದು ಯಾರಿಗೂ ತಿಳಿಯಲಿಲ್ಲ. ಎಣಿಕೆಯಲ್ಲಿ ರಣಜೀತ ಮಾನೆ ಕೂದಲೆಳೆಯಲ್ಲಿ ಗೆದ್ದ. ವಕೀಲರು ಎರಡನೆಯವರಾದರು. ಇಂದ್ರಾಬಾಯಿಗೆ ಯಾರೂ ಎಣಿಸದಷ್ಟು ಓಟು ಬಂದದ್ದನ್ನು ಕಂಡು, ಗಿರಣಿಯ ಮುಂದೆ ಸಾಲು ನಿಂತವರೇ ಬೆರಗಾದರು.

ಮಾನೆ ಗುಲಾಲು ಮೆತ್ತಿಕೊಂಡು ಕೃತಜ್ಞತೆ ಹೇಳಲು ಚಾಳಿಗೆ ಬಂದ. ಈ ಸಲ ಅವನು ಜನರನ್ನು ನೋಡುತ್ತಿದ್ದ. ಗುರಲಿಂಗಪ್ಪನನ್ನು ಬದಿಗೆ ಕರೆದು, ನಿಮ್ಮ ಚಾಳು ನನಗೇ ಹಾಕಿತಲ್ಲವೇ ಎಂದು ಕೇಳಿದ. ಗುರಲಿಂಗಪ್ಪ ಪ್ರಾಮಾಣಿಕವಾಗಿ, ತನಗೆ ಗೊತ್ತಿಲ್ಲ ಎಂದ. ಮಾನೆ ಒಂದೊಂದು ಬಾಗಿಲಲ್ಲೂ ನಿಂತು ಮುಖದಲ್ಲಿ ಗುಟ್ಟು ಹುಡುಕಿದ. ಸಿಗಲಿಲ್ಲ. ಯಾರು ಹಾಕಿದ್ದಾರೆ, ಯಾರು ಹಾಕಿಲ್ಲ ಎಂದು ತಿಳಿಯದ ಕಾರಣ ಅವನು ಎಲ್ಲರಿಗೂ ಒಂದೇ ಸಮನೆ ಕೈಮುಗಿಯಬೇಕಾಯಿತು, ಕಟ್ಟಿಹಾಕಿದ್ದ ಮೇಕೆಯನ್ನೂ ಬಿಡಲಿಲ್ಲ. ತಾಯಿ ಮನೆಯಲ್ಲಿ ಏನು ಹೇಳಿದಳೋ, ಮಳೆಗಾಲಕ್ಕೆ ಮೊದಲೇ ಗಟಾರದ ನಡುವೆ ಒಂದು ಕಲ್ಲಿನ ಕಂಬ ಎದ್ದು, ಈಚೆ ದಂಡೆಯಿಂದ ಅದರವರೆಗೆ ಚಪ್ಪಡಿ ಬಂತು. ಆಚೆಯ ಅರ್ಧಕ್ಕೆ ಅದೇ ಹಳೆಯ ಹಲಗೆ. ಬಿದ್ದರೆ ಇನ್ನು ಮುಂದೆ ಪಕ್ಕದ ವಾರ್ಡಿನಲ್ಲೇ ಬೀಳಬೇಕು ಎಂದು ಬಸಲಿಂಗವ್ವ ಸಮಾಧಾನಪಟ್ಟಳು.

ಧರ್ಮಣ್ಣನಿಗೆ ಇದ್ಯಾವುದರಲ್ಲೂ ಮನಸ್ಸಿರಲಿಲ್ಲ. ಸುಂದ್ರವ್ವ ಯಾರಿಗೆ ಹಾಕಿದಳು ಎಂಬ ಒಂದೇ ಪ್ರಶ್ನೆ ಅವನನ್ನು ಕೊರೆಯುತ್ತಿತ್ತು. ಕಸ್ತೂರಿಬಾಯಿಯ ಪಕ್ಕ ಕೂತು ಅಕ್ಕಿ ಆರಿಸಿದ್ದಳು, ಹಾಗಾದರೆ ಛತ್ರಿ. ಗ್ಯಾಸಿನ ಒಲೆಯ ಮಾತನ್ನು ಇನ್ನೂ ಆಡುತ್ತಿದ್ದಳು, ಹಾಗಾದರೆ ತಕ್ಕಡಿ. ಈಗೀಗ ಜೋಳ ಬೀಸಿಸಲು ದೂರವಾದರೂ ಇಂದ್ರಾಬಾಯಿಯ ಗಿರಣಿಗೇ ಹೋಗುತ್ತಿದ್ದಳು, ಹಾಗಾದರೆ ಗಂಟೆ. ಅವನು ಸುತ್ತಿ ಬಳಸಿ ಕೇಳಿದ, ಅವಳು ಕೇಳಿಸದವಳಂತೆ ಇದ್ದಳು. ಒಂದು ಭಾನುವಾರ ಮಧ್ಯಾಹ್ನ ಅವಳು ರೊಟ್ಟಿ ಬಡಿಯುತ್ತಿರುವಾಗ ಅವನು ಒಲೆಯ ಮುಂದೆ ಬಂದು ಕೂತು ನೇರವಾಗಿ ಕೇಳಿಬಿಟ್ಟ.

ಸುಂದ್ರವ್ವ ರೊಟ್ಟಿ ತಿರುವಿ ಹಾಕಿದಳು. "ನೋಡಿ ಹಾಕೇನಿ" ಎಂದಳು.

ಯಾರನ್ನು ನೋಡಿ ಎಂದು ಅವನು ಕೇಳಿದ.

"ಮೂರೂ ಮಂದೀನ ನೋಡಿ ಹಾಕೇನಿ. ನೀವು ಯಾರಿಗೆ ಹಾಕೀರಿ?"

ಧರ್ಮಣ್ಣ ಹೇಳಲು ಬಾಯಿ ತೆರೆದ. ಹೆಸರು ನಾಲಿಗೆಯ ತುದಿಗೆ ಬಂದಿತ್ತು. ತನಗೆ ಗೊತ್ತಿರುವ, ಪೂರ್ತಿಯಾಗಿ ಗೊತ್ತಿರುವ, ಮತ್ತೆ ಯಾರಿಗೂ ಗೊತ್ತಿಲ್ಲದ ಸಮಾಚಾರ ಅದೊಂದೇ ಎಂದು ಅವನಿಗೆ ಆಗ ಅನಿಸಿತು. ಅವನು ಬಾಯಿ ಮುಚ್ಚಿಕೊಂಡ. ಸುಂದ್ರವ್ವ ಬಿಸಿ ರೊಟ್ಟಿಯನ್ನು ಅವನ ತಾಟಿಗೆ ಹಾಕಿ, ಗಂಡನನ್ನು ಹೊಸದಾಗಿ ನೋಡುವವಳಂತೆ ಒಂದು ಗಳಿಗೆ ನೋಡಿದಳು.